ಕಾಂಚನಪುರಿಯ ದಾರಿ

ಥಾಯ್ಲೆಂಡಿನ ಕಾಂಚನಬುರಿ ನಮ್ಮ ಕಿವಿಗೆ ತೀರ ಹೊಸದಾದ ಹೆಸರಲ್ಲ. ಅದು ಸಂಸ್ಕೃತದ ಕಾಂಚನಪುರಿಯೇ. ಹೊನ್ನಿನ ಹೆಸರು ಹೊತ್ತ ಆ ಪಟ್ಟಣದ ರೈಲು ನಿಲ್ದಾಣದಲ್ಲಿ, 2024ರ ಜನವರಿಯ ಒಂದು ಮುಂಜಾನೆ, ಎಪ್ಪತ್ತೈದು ದಾಟಿದ ಆಂಗ್ಲ ಮಹಿಳೆಯೊಬ್ಬರು ಕೈಚೀಲವನ್ನು ಮಡಿಲಲ್ಲಿರಿಸಿಕೊಂಡು ಕುಳಿತಿದ್ದರು. ಚೀಲದೊಳಗೆ ಅವರ ತಂದೆಯ ಸೆರೆಚೀಟಿಯ ಪ್ರತಿ.

ತಂದೆ 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರಿಗೆ ಶರಣಾದಾಗ ಸೆರೆಸಿಕ್ಕ ಸೈನಿಕ. ಮೂರೂವರೆ ವರ್ಷದ ಬಳಿಕ ಬದುಕಿ ಮನೆಗೆ ಮರಳಿದರು. ಆದರೆ ಆ ಕಾಲದ ಮಾತನ್ನು ಕಡೆಯವರೆಗೂ ಎತ್ತಲಿಲ್ಲ. ಮನೆಯಲ್ಲಿ ಅನ್ನ ಬೇಯಿಸಗೊಡುತ್ತಿರಲಿಲ್ಲ. ತಟ್ಟೆಯಲ್ಲಿ ರೊಟ್ಟಿಯ ಚೂರು ಉಳಿದರೆ ಮಗಳನ್ನು ಗದರುತ್ತಿದ್ದರು. ಮಗಳು ಅದನ್ನು ಕಾಠಿಣ್ಯವೆಂದೇ ಬಗೆದು ಬೆಳೆದರು. ತಂದೆ ತೀರಿಕೊಂಡ ಮೇಲೆ, ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಜಪಾನೀಯರು ಬರೆದಿಟ್ಟ ಆ ಚೀಟಿ ಅವರ ಕೈಗೆ ಬಂದಿತು.

ಬರ್ಮಾಕ್ಕೆ ಸಮುದ್ರಮಾರ್ಗವಾಗಿ ಸೇನಾಸಾಮಗ್ರಿ ಸಾಗಿಸುವುದು ಅಪಾಯಕರವಾಗಿದ್ದುದರಿಂದ ಜಪಾನೀಯರು ಕಾಡು, ಬೆಟ್ಟಗಳನ್ನು ಕಡಿದು 415 ಕಿಲೋಮೀಟರುಗಳ ರೈಲುಹಾದಿಯನ್ನು ಹಾಕಿಸಿದರು. 1942ರಲ್ಲಿ ಆರಂಭವಾದ ಕೆಲಸ 1943ರ ಅಕ್ಟೋಬರಿನಲ್ಲಿ ಮುಗಿಯಿತು. ದುಡಿದ ಯುದ್ಧಕೈದಿಗಳು 60,000ಕ್ಕೂ ಹೆಚ್ಚು. ಹಸಿವು, ಕಾಲರಾ, ಹೊಡೆತಗಳಿಗೆ ಬಲಿಯಾದವರು 12,000ಕ್ಕೂ ಹೆಚ್ಚು.

ರೈಲು ನದಿಯ ಸೇತುವೆಯನ್ನು ದಾಟಿತು. ಎದುರಿನ ಆಸನದಲ್ಲಿ ಮಲೇಶಿಯದ ತಮಿಳು ವೃದ್ಧರೊಬ್ಬರು. ಮಾತಿಗೆ ಮಾತು ಬೆಳೆಯಿತು. ಅವರ ತಂದೆ ರಬ್ಬರ್ ತೋಟದ ಕೂಲಿ. 1943ರಲ್ಲಿ ತೋಟದಿಂದ ಕರೆದೊಯ್ದಾಗ ಮಗ ತೊಟ್ಟಿಲ ಕೂಸು. ತಂದೆ ಮರಳಲಿಲ್ಲ.

ಆಕೆ ಚೀಟಿಯನ್ನು ತೆಗೆದು ತೋರಿಸಿದರು. ವೃದ್ಧರು ಅದನ್ನು ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ನೀವು ಪುಣ್ಯವಂತರು. ನನ್ನ ತಂದೆಯ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.”

ಆ ಹಾದಿಗೆ ಎರಡು ಲಕ್ಷದಷ್ಟು ಏಷ್ಯದ ಕೂಲಿಗಳು ದುಡಿದರೆಂದೂ, ಅವರಲ್ಲಿ ಎಂಬತ್ತು ತೊಂಬತ್ತು ಸಾವಿರ ಮಂದಿ ಮಡಿದರೆಂದೂ ಅಂದಾಜು. ಅಂದಾಜು ಮಾತ್ರ, ಎಣಿಸಿದವರಿಲ್ಲ.

ಹಳಿ ಈಗ ನಾಮ್‌ತೊಕ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆ, ಸೆರೆಯಾಳುಗಳು ‘ನರಕಾಗ್ನಿಯ ಕಣಿವೆ’ಯೆಂದು ಕರೆದ ಬಂಡೆಯ ಕೊರಕಲಿಗೆ ಇಬ್ಬರೂ ಜೊತೆಯಾಗಿ ನಡೆದರು. ಸುತ್ತಿಗೆ ಚಾಣಗಳ ಗುರುತು ಕಲ್ಲಿನಲ್ಲಿ ಇನ್ನೂ ಇದೆ. ಆಕೆ ಆ ಗುರುತಿನಲ್ಲಿ ಬೆರಳಿಟ್ಟು ನಿಂತರು. ಉಳಿದ ರೊಟ್ಟಿಯ ಚೂರಿಗೆ ಗದರುತ್ತಿದ್ದ ತಂದೆಯ ದನಿ ಅರ್ಥವಾದದ್ದು ಆ ಕ್ಷಣದಲ್ಲಿ. ಕ್ಷಮೆ ಕೇಳಲು ತಂದೆಯಿರಲಿಲ್ಲ.

ಮರುದಿನ ಕಾಂಚನಬುರಿಯ ಯುದ್ಧಸ್ಮಶಾನಕ್ಕೆಂದು ಆಕೆ ಹೂ ಕೊಂಡರು. ಅಲ್ಲಿ ಸುಮಾರು 7,000 ಸೈನಿಕರ ಸಮಾಧಿಗಳು ಸಾಲುಸಾಲಾಗಿವೆ. ತಂದೆಯ ಸಂಗಡಿಗರಿಗೆ ಅರ್ಧ ಹೂವನ್ನಷ್ಟೇ ಇಟ್ಟರು. ಉಳಿದರ್ಧವನ್ನು ಹಿಡಿದು ವೃದ್ಧರೊಡನೆ, ಆ ಊರಿನ ಬೌದ್ಧ ವಿಹಾರದಲ್ಲಿ ತಮಿಳರು 2023ರಲ್ಲಿ ನೆಟ್ಟ ನಡುಗಲ್ಲಿನ ಬಳಿಗೆ ಹೋದರು. ನಮ್ಮ ವೀರಗಲ್ಲಿನ ಒಡಹುಟ್ಟಿದಂಥ ಕಲ್ಲು ಅದು.

ವೃದ್ಧರು ಕೈಮುಗಿದು ತಂದೆಯ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿದರು. ಆಕೆ ತೊದಲುತ್ತ ಅದನ್ನೇ ಹೇಳಿದರು. ಬಳಿಕ ಚೀಲದಿಂದ ಆ ಚೀಟಿಯನ್ನು ತೆಗೆದು, ಬೆನ್ನಿನ ಬರಿಯ ಭಾಗದಲ್ಲಿ ಒಂದೊಂದೇ ಅಕ್ಷರವನ್ನು ಕೇಳಿ ತಿಳಿದು ಆ ಹೆಸರನ್ನು ಬರೆದುಕೊಂಡರು.

ಎಂಬತ್ತು ವರ್ಷಗಳ ಮೇಲೆ ಆ ಕೂಲಿಯ ಹೆಸರು ಒಂದು ಕಾಗದಕ್ಕೆ ಬಂದಿತು.