ಬುತ್ತಿಯ ಅನ್ನ

ಊರಿಗೆ ಹೊರಡುವ ಹಿಂದಿನ ರಾತ್ರಿ ಡೊಂಬಿವಲಿಯ ಕನ್ನಡ ಮನೆಗಳಲ್ಲಿ ದೀಪ ಬೇಗ ಆರುವುದಿಲ್ಲ. ಬುತ್ತಿ ಕಟ್ಟುವ ಸಡಗರ ನಡೆದಿರುತ್ತದೆ. ‘ಹೊರಗಿಂದು ಮುಟ್ಟಬ್ಯಾಡ್ರಿ, ಮನೀದು ಎಂದೂ ಕೆಡಕು ಮಾಡೂದಿಲ್ಲ’ ಎಂಬುದು ನಮ್ಮ ತಾಯಿಯವರ ಸೂತ್ರ. ನಾವೂ ಅದನ್ನು ನಂಬಿದವರೇ. 2023ರ ಬೇಸಗೆಯ ಒಂದು ಪ್ರವಾಸವು ಆ ನಂಬಿಕೆಯನ್ನು ತುಸು ತಿದ್ದಿತು. ಅದನ್ನೇ ವಾಚಕರ ಮುಂದಿಡುತ್ತೇವೆ.

ಉದ್ಯಾನ್ ಎಕ್ಸ್‌ಪ್ರೆಸ್ ಡೊಂಬಿವಲಿಯಲ್ಲಿ ನಿಲ್ಲದು. ಲೋಕಲ್ ಹಿಡಿದು, ಠಾಕುರ್ಲಿ ದಾಟಿ ಕಲ್ಯಾಣಕ್ಕೆ ಬಂದೆವು. 1853ರಲ್ಲಿ ಬೋರಿಬಂದರದಿಂದ ಠಾಣೆಯವರೆಗೆ ಓಡಿದ ರೈಲು ಮರುವರ್ಷವೇ ಕಲ್ಯಾಣವನ್ನು ಮುಟ್ಟಿತಂತೆ. ಇಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತದ ಮೇಲೆ ಘಾಟ ಏರಿ ಪುಣೆಗೆ. ಎರಡನೆಯದು ನಮ್ಮ ಕಲಬುರಗಿಯ ದಾರಿ. ಕರ್ಜತದಲ್ಲಿ ಘಾಟಕ್ಕಾಗಿ ನೂಕುವ ಎಂಜಿನ್ನು ಜೋಡಿಸುವಾಗ ಬಿಸಿ ವಡೆಯ ಕೂಗು ಕೇಳಿಸಿತು. ಆರು ವರ್ಷದ ಮಗ ಕೈ ಚಾಚಿದ. ಅವನ ಅಜ್ಜಿ ಕಣ್ಣು ದೊಡ್ಡದು ಮಾಡಿದರು.

ಪುಣೆ ದಾಟಿದ ಮೇಲೆ ಬುತ್ತಿ ಬಿಚ್ಚಿದೆವು. ನಮಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಹುಡುಗನಿಗೆ ಅವನ ಮೆಚ್ಚಿನ ಒಗ್ಗರಣೆ ಅನ್ನ. ಕುರ್ಡುವಾಡಿ ಬರುವಷ್ಟರಲ್ಲಿ ಅವನಿಗೆ ವಾಂತಿ ಆರಂಭವಾಯಿತು. ಒಂದಲ್ಲ, ಐದಾರು ಸಲ. ತುಟಿ ಒಣಗಿತು, ಕಣ್ಣು ಗುಳಿಬಿದ್ದವು. ಹೊರಗಿನ ಒಂದು ಹನಿ ನೀರನ್ನೂ ಮುಟ್ಟದ ಮಗುವಿಗೆ ಇದೇನೆಂದು ನಮಗೆ ದಿಕ್ಕೇ ತೋಚಲಿಲ್ಲ.

ಎದುರಿಗೆ ಕುಳಿತಿದ್ದ ದಾದಿಯೊಬ್ಬರು ಚೀಲದಿಂದ ಓಆರ್‌ಎಸ್ ಪೊಟ್ಟಣ ತೆಗೆದು, ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, ಚಮಚ ಚಮಚವಾಗಿ ಕುಡಿಸತೊಡಗಿದರು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ ಸಲಾಯಿನ್ ಸಾಲದಾದಾಗ, ಡಾಕ್ಟರ್ ದಿಲೀಪ್ ಮಹಲಾನಬಿಸ್ ಅವರು ಬನಗಾಂವ್ ಶಿಬಿರದಲ್ಲಿ ಬಹು ಜನರ ಪ್ರಾಣ ಉಳಿಸಿದ್ದು ಇಂಥ ಉಪ್ಪು-ಗ್ಲೂಕೋಸಿನ ನೀರಿನಿಂದಲೇ. ಕಲಬುರಗಿ ಬರುವಾಗ ಹುಡುಗ ಕಣ್ಣು ತೆರೆದು ನೋಡುತ್ತಿದ್ದ.

ಅಲ್ಲಿಯ ವೈದ್ಯರು ಮೊದಲು ಕೇಳಿದ್ದು ತಾಯಿಯವರನ್ನು: “ಅವ್ವಾರ, ಅನ್ನ ಯಾವಾಗ ಮಾಡಿದ್ರಿ?”

“ನಿನ್ನಿ ರಾತ್ರಿ ಒಂಬತ್ತಕ್ಕ. ಬಿಸಿ ಇದ್ದಾಗನ ಡಬ್ಬಿಗೆ ತುಂಬೀನ್ರಿ.”

“ಅದs ಇರಬೇಕು ನೋಡ್ರಿ” ಎಂದರು. ಅಕ್ಕಿಯಲ್ಲಿರುವ ಒಂದು ಜಾತಿಯ ರೋಗಾಣುವಿನ ಬೀಜ ಕುದಿಸಿದರೂ ಸಾಯದು. ಬೆಚ್ಚಗಿನ ಅನ್ನದಲ್ಲಿ ಗಂಟೆಗಟ್ಟಲೆ ಕುಳಿತರೆ ಮೊಳೆತು ವಿಷ ಕಾರುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದಂತೆ. ಹಾಗಾದರೆ ಎಣ್ಣೆಯಿಂದ ಆಗತಾನೇ ತೆಗೆದ ಆ ಕರ್ಜತದ ವಡೆಯೇ ನಮ್ಮ ಅನ್ನಕ್ಕಿಂತ ಮೇಲಾಗಿತ್ತು! ತಾಯಿಯವರು ಅಂದು ರಾತ್ರಿ ಮಾತನಾಡಲಿಲ್ಲ, ಉಣ್ಣಲೂ ಇಲ್ಲ.

ಠಾಣೆ, ಪನವೇಲಿನಿಂದ ಕೊಂಕಣ ರೈಲು ಹಿಡಿದು ಮಂಗಳೂರ ಕಡೆಗೆ ಹೋಗುವವರಿಗೂ, ಮಕ್ಕಳನ್ನು ನೋಡಲು ಪರದೇಶಕ್ಕೆ ಹಾರುವವರಿಗೂ ನಮ್ಮ ಅರಿಕೆ ಒಂದೇ. ಮನೆಯದೋ ಹೊರಗಿನದೋ ಎಂದು ಕೇಳುವ ಮೊದಲು, ಮಾಡಿ ಎಷ್ಟು ಹೊತ್ತಾಯಿತೆಂದು ಕೇಳಿರಿ. ದಾರಿಗೆ ರೊಟ್ಟಿ, ಹಿಂಡಿ, ಸುಲಿದು ತಿನ್ನುವ ಬಾಳೆಹಣ್ಣು ಇರಲಿ, ನೀರು ಕುದಿಸಿದ್ದು ಇಲ್ಲವೇ ಮುದ್ರೆಯ ಬಾಟಲಿಯದು, ಐಸು ಬೇಡ. ಉಣ್ಣುವ ಮುನ್ನ ಸಾಬೂನಿನಿಂದ ಕೈ ತೊಳೆಯಿರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಗು ಮಂಕಾದರೆ, ಮೂತ್ರ ನಿಂತರೆ, ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿಗೆ. ರೈಲಿನಲ್ಲಿ 139ಕ್ಕೆ ಕರೆ ಮಾಡಿರಿ.

ಮುಂದಿನ ವರ್ಷ ಅದೇ ದಾರಿ. ಬುತ್ತಿಯಲ್ಲಿ ಅನ್ನವಿರಲಿಲ್ಲ. ಕರ್ಜತದಲ್ಲಿ ಕೂಗು ಬಂದಾಗ ತಾಯಿಯವರೇ ಕಿಟಕಿಯಿಂದ ಕೈ ಚಾಚಿ, ವಡೆ ಮುಟ್ಟಿ ನೋಡಿ, “ಸುಡತದ, ತಿನ್ನು” ಎಂದು ಮೊಮ್ಮಗನ ಕೈಗಿಟ್ಟರು.