ತಡಮಾಡಿಸುವ ಬಾಗಿಲುಗಳು

ಗಾಂಧಿ ಬಜಾರಿನ ತಿರುವಿನಲ್ಲಿ ಸೇವಂತಿಗೆಯನ್ನು ಮೊಳ ಹಾಕಿ ಮಾರುವ ಮುದುಕಿಯೊಬ್ಬಳು, ಭಾನುವಾರದ ಪ್ರಾತಃಕಾಲದಲ್ಲಿ ನಾನು ಹೆಗಲಿಗೊಂದು ಚೀಲವನ್ನು ಇಳಿಬಿಟ್ಟುಕೊಂಡು ಕೊಡೆಯನ್ನು ಊರುಗೋಲಾಗಿ ಹಿಡಿದು ಹೊರಟುದನ್ನು ಕಂಡಳೆಂದರೆ, “ಇವತ್ತು ಯಾವ ಕೋಟೆಗೆ ಲಗ್ಗೆ, ಸ್ವಾಮಿ?” ಎಂದು ಕೇಳದೆ ಬಿಡುವವಳಲ್ಲ. ಅದರಲ್ಲಿ ಪರಿಹಾಸದ ಪಾಲೇ ಹೆಚ್ಚೆಂದು ಬಲ್ಲೆನಾದರೂ, ಸೈನ್ಯವಿಲ್ಲದೆ, ಏಣಿಯಿಲ್ಲದೆ, ನಾಲ್ಕು ಚಪಾತಿಯನ್ನೂ ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿಯನ್ನೂ ನಂಬಿಕೊಂಡು ಹೊರಟ ಅರುವತ್ತು ದಾಟಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಬಿರುದು ಇನ್ನೆಲ್ಲಿ ದೊರೆತೀತು? ನಮ್ಮ ಬಸವನಗುಡಿಯಲ್ಲಿ ವ್ಯಸನಗಳಿಗೇನೂ ಬಡತನವಿಲ್ಲ. ರಾಮನವಮಿಯ ಸಂಗೀತಕ್ಕಾಗಿ ವರ್ಷವಿಡೀ ಕಾಯುವವರುಂಟು. ವಿದ್ಯಾರ್ಥಿ ಭವನದ ಬಾಗಿಲಲ್ಲಿ ನಿಂತು ದೋಸೆಯನ್ನು ಧ್ಯಾನಿಸುವುದನ್ನೇ ವ್ರತವಾಗಿ ಕೈಕೊಂಡವರುಂಟು. ಹಳೆಯ ಪುಸ್ತಕವೊಂದರ ಮೊದಲ ಮುದ್ರಣಕ್ಕಾಗಿ ಮನೆಯ ಶಾಂತಿಯನ್ನೇ ಒತ್ತೆಯಿಟ್ಟವರೂ ಉಂಟು. ನನ್ನ ಪಾಲಿಗೆ ಬಂದದ್ದು ಕೋಟೆ.

ಕೋಟೆಯೆಂದೊಡನೆ ರಾಜರ ವಂಶಾವಳಿಯನ್ನು ಒಪ್ಪಿಸಲು ತೊಡಗುವ ಸಜ್ಜನರನ್ನು ಕಂಡರೆ ನನಗೆ ಸ್ವಲ್ಪ ಭಯ. ಯಾರು ಯಾರನ್ನು ಗೆದ್ದರೆಂಬುದು ಪರೀಕ್ಷೆಗೆ ಕೂರುವ ಹುಡುಗರ ಚಿಂತೆ. ಕಲ್ಲಿನ ಮೇಲೆ ಕಲ್ಲು ಹೇಗೆ ಕುಳಿತಿದೆ, ಬಿದ್ದ ಮಳೆ ಎಲ್ಲಿ ಹೋಗಿ ನಿಲ್ಲುತ್ತದೆ, ಹೆಬ್ಬಾಗಿಲನ್ನು ದಾಟಿದ ದಾರಿ ಯಾವ ಕಡೆಗೆ ಹೊರಳುತ್ತದೆ, ಈ ಮೂರನ್ನು ನೋಡಿಕೊಂಡು ಒಂದು ದಿನ ಕಳೆದರೆ ನನಗೆ ಸಾಕು. 

ನನ್ನ ಸೋದರಳಿಯನೊಬ್ಬ ಸ್ವಿಟ್ಜರ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಮಾವನ ಹುಚ್ಚನ್ನು ಬಲ್ಲವನಾದ್ದರಿಂದ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿರುವ ಬೆಲಿಂಜೋನಾ ಎಂಬ ಪಟ್ಟಣದ ಚಿತ್ರಗಳನ್ನು ಒಮ್ಮೆ ಕಳುಹಿಸಿದ. ಒಂದೇ ಊರಿಗೆ ಮೂರು ಕೋಟೆ: ಒಂದು ಊರ ನಡುವಣ ಬಂಡೆಯ ಮೇಲೆ, ಇನ್ನೊಂದು ಅದಕ್ಕಿಂತ ಎತ್ತರದಲ್ಲಿ, ಮೂರನೆಯದು ಎಲ್ಲಕ್ಕೂ ಮೇಲೆ, ಒಂಟಿಯಾಗಿ. ಗೊಟ್ಹಾರ್ಡ್ ಕಣಿವೆಯ ದಾರಿಯಾಗಿ ಬಂದು ಹೋಗುವವರನ್ನು ತಡೆಯುವುದಕ್ಕಾಗಿ ಮಿಲಾನಿನ ಪ್ರಭುಗಳು ಬೆಳೆಸಿದ ದುರ್ಗಗಳು ಅವು; ಕಣಿವೆಗೆ ಅಡ್ಡಲಾಗಿ ಒಂದು ಉದ್ದನೆಯ ಗೋಡೆಯನ್ನೂ ಎಳೆದಿದ್ದಾರೆ. ಗೋಡೆಯ ತೆನೆಗಳನ್ನು ಕವಲೊಡೆದ ಬಾಲದಂತೆ ಸೀಳಿ ಕಟ್ಟಿರುವುದು ನೋಡಲು ಬಲು ಚೆಲುವು. 2000ನೆಯ ಇಸವಿಯಲ್ಲಿ ಅವು ವಿಶ್ವಪರಂಪರೆಯ ಪಟ್ಟಿಗೂ ಸೇರಿದುವು. ಚಿತ್ರಗಳ ಕೆಳಗೆ ಹುಡುಗ “ಇಂಥದು ನಮ್ಮಲ್ಲಿ ಉಂಟೇ ಮಾವ?” ಎಂದು ಬರೆದಿದ್ದ. ಚಿತ್ರದಿಂದ ತಿಳಿದುಬರುವಮಟ್ಟಿಗೆ ಅಲ್ಲಿ ಬೆಟ್ಟವು ಪೀಠ, ಗೋಡೆಯೇ ವಿಗ್ರಹ. ನಮ್ಮ ಚಿತ್ರದುರ್ಗದಲ್ಲಿ ಕೋಟೆಯೆಂಬುದು ಬಂಡೆಗಳೇ. ಗೋಡೆಯೇನಿದ್ದರೂ ಒಂದು ಬಂಡೆಗೂ ಇನ್ನೊಂದಕ್ಕೂ ನಡುವೆ ಬಿಟ್ಟುಹೋದ ಸಂದನ್ನು ಹೊಲಿದ ಹೊಲಿಗೆ. ಹಾಗೆಂದು ಉತ್ತರ ಬರೆದೆ. ಊರಿಗೆ ಬಂದಾಗ ಕರೆದುಕೊಂಡು ಹೋಗುತ್ತೇನೆಂದೂ ಸೇರಿಸಿದೆ.

‘ದುರ್ಗ’ ಎಂಬ ಶಬ್ದವನ್ನೇ ಬಿಡಿಸಿ ನೋಡಿದರೆ ಕಷ್ಟದಿಂದ ಹೋಗತಕ್ಕದ್ದು ಎಂದು ಅರ್ಥವಾಗುತ್ತದೆ. ಕೌಟಿಲ್ಯನು ನೀರಿನದು, ಬೆಟ್ಟದ್ದು, ಮರುಭೂಮಿಯದು, ಕಾಡಿನದು ಎಂದು ದುರ್ಗಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನಷ್ಟೆ. ನಾಲ್ಕರ ಒಳಗುಟ್ಟೂ ಒಂದೇ. ಬರುವವನನ್ನು ಪೂರ್ತಿಯಾಗಿ ತಡೆಯಬಲ್ಲ ಗೋಡೆಯನ್ನು ಈ ತನಕ ಯಾರೂ ಕಟ್ಟಿಲ್ಲವೆಂಬುದು ಕಟ್ಟಿದವರಿಗೂ ಗೊತ್ತಿತ್ತು. ಅವರ ಕೈಲಿದ್ದದ್ದು ಅವನನ್ನು ತಡಮಾಡಿಸುವುದು ಮಾತ್ರ: ಇಲ್ಲೊಂದು ತಿರುವು, ಅಲ್ಲೊಂದು ಕಂದಕ, ಮುಂದೊಂದು ತಲೆ ಬಾಗಿಸಿಯೇ ಹೋಗಬೇಕಾದ ದಿಡ್ಡಿಬಾಗಿಲು. ಜಗತ್ತಿನ ಮಿಕ್ಕ ಕಟ್ಟಡಗಳೆಲ್ಲ ನಮ್ಮನ್ನು ಬೇಗ ಒಳಗೆ ಕರೆದುಕೊಳ್ಳಲು ಹವಣಿಸಿದರೆ, ತಡವಾಗಿ ಬಾ ಎನ್ನುವ ಕಟ್ಟಡ ಇದೊಂದೇ. ತಡವಾಗಲೆಂದೇ ಮನೆ ಬಿಟ್ಟು ಹೊರಡುವ ನನ್ನಂಥ ನಿವೃತ್ತನಿಗೂ ಇದಕ್ಕೂ ಜಾತಕ ಕೂಡಿಬಂದುದರಲ್ಲಿ ಆಶ್ಚರ್ಯವೇನು?

ಈ ಶಾಸ್ತ್ರವನ್ನು ಚಿತ್ರದುರ್ಗದಷ್ಟು ಸಾವಧಾನವಾಗಿ ಪಾಠ ಹೇಳುವ ಸ್ಥಳ ಇನ್ನೊಂದನ್ನು ನಾನು ಕಾಣೆ. ಏಳು ಸುತ್ತಿನ ಕೋಟೆಯೆಂದು ಜನ ಹೇಳುವುದನ್ನು ಕೇಳಿಯೇ ಬಲ್ಲ ನಾನು, ಮೊದಲ ಸಲ ಹೋದಾಗ ಏಳನ್ನೂ ಎಣಿಸಿಬಿಡುತ್ತೇನೆಂಬ ಉತ್ಸಾಹದಲ್ಲಿ ದಡದಡನೆ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಎಣಿಕೆಯನ್ನೂ ಉಸಿರನ್ನೂ ಒಟ್ಟಿಗೆ ಕಳೆದುಕೊಂಡೆ. ಆಮೇಲಿನ ಸಲಗಳಲ್ಲಿ ಬುದ್ಧಿ ಬಂತು. ಈಗ ಬಾಗಿಲಿಗೊಂದರಂತೆ ಕುಳಿತು ಏಳುತ್ತೇನೆ. ಹೆಬ್ಬಾಗಿಲಿಗೆ ನೇರವಾಗಿ ಬಂದ ದಾರಿ ಒಳಗೆ ಕಾಲಿಟ್ಟೊಡನೆ ಗೋಡೆಗೆ ಮುಖ ಕೊಟ್ಟು ಪಕ್ಕಕ್ಕೆ ಹೊರಳುತ್ತದೆ. ಕದವನ್ನು ಗುದ್ದಿ ಮುರಿಯಲು ಬಂದ ಆನೆಗೆ ಓಡಿ ಬರುವಷ್ಟು ನೇರ ದಾರಿಯೇ ಇರಬಾರದೆಂಬ ಯುಕ್ತಿ. ಹೊರಳಿದವನ ನೆತ್ತಿಯ ಮೇಲೆ ಮೂರು ಕಡೆಯಿಂದಲೂ ಗೋಡೆ. ಅಲ್ಲಿ ನಿಂತು ತಲೆಯೆತ್ತಿದಾಗ, ಶತ್ರುವಲ್ಲದ ನನಗೂ ಒಂದು ಕ್ಷಣ ಬೆನ್ನು ಚಳುಕಿತು.

ಇನ್ನು ಕಲ್ಲು. ಗಾರೆಯ ಹಂಗಿಲ್ಲದೆ ಒಂದರ ಮಗ್ಗುಲಿಗೆ ಒಂದನ್ನು ಕೊರೆದು ಕೂರಿಸಿದ ಆ ಕಣಶಿಲೆಯ ಗೋಡೆಯಲ್ಲಿ ಸಂದು ಸಂದಿಗೂ ಬೆರಳಾಡಿಸಿ ನೋಡುವುದು ನನ್ನ ಅಭ್ಯಾಸ. ಎಷ್ಟೋ ಕಡೆ ಉಗುರೂ ತೂರುವುದಿಲ್ಲ. ಒಂದೊಂದು ಬಂಡೆಯ ಮೈಯಲ್ಲಿ ಚೌಕಾಕಾರದ ಗುಳಿಗಳು ಹೊಲಿಗೆ ಹಾಕಿದಂತೆ ಸಾಲಾಗಿ ನಡೆದುಹೋಗಿರುತ್ತವೆ. ಕಲ್ಲನ್ನು ಸೀಳುವವರು ಬೆಣೆ ಹೊಡೆಯಲು ಕೊರೆದ ಗುಳಿಗಳು ಅವು. ಮರದ ಬೆಣೆಯನ್ನು ಜಡಿದು ನೀರೆರೆದು, ಮರ ಉಬ್ಬಿದಾಗ ಬಂಡೆ ತಾನಾಗಿ ಬಿರಿಯುತ್ತಿತ್ತೆಂದು ದಾರಿ ತೋರಿಸುವವರು ವಿವರಿಸುತ್ತಾರೆ. ಗುಳಿ ಕೊರೆದೂ ಸೀಳದೆ ಬಿಟ್ಟ ಬಂಡೆಯೊಂದು ಅಲ್ಲಿದೆ. ಹನ್ನೊಂದು ಗುಳಿಗಳನ್ನು ಎಣಿಸಿದೆ, ಹನ್ನೆರಡನೆಯದು ಅರೆಬರೆ. ಅಷ್ಟಕ್ಕೇ ಆ ದಿನದ ಕೂಲಿ ಮುಗಿಯಿತೋ, ಮೇಸ್ತ್ರಿಯ ಮನಸ್ಸು ಬದಲಾಯಿತೋ, ಹೊತ್ತು ಮುಳುಗಿತೋ! ದುರ್ಗವನ್ನಾಳಿದ ಮದಕರಿನಾಯಕನ ಪಟ್ಟಾಭಿಷೇಕಕ್ಕಿಂತ ಆ ಅರ್ಧ ಗುಳಿಯ ಮುಂದೆ ನಾನು ಹೆಚ್ಚು ಹೊತ್ತು ಕುಳಿತದ್ದುಂಟು.

ನೀರಿನ ಏರ್ಪಾಡಂತೂ ಗೋಡೆಗಿಂತ ದೊಡ್ಡ ವಿದ್ಯೆ. ಮುತ್ತಿಗೆ ಬಿದ್ದ ಕೋಟೆಯನ್ನು ಮೊದಲು ಕೊಲ್ಲುವುದು ಬಾಯಾರಿಕೆ, ಗುಂಡು ಆಮೇಲೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕತಂಗಿಯರ ಹೊಂಡಕ್ಕಿಳಿಯುತ್ತದೆ. ಅದು ತುಂಬಿ ಮಿಕ್ಕದ್ದು ಸಿಹಿನೀರು ಹೊಂಡಕ್ಕೆ. ಕಡೆಗೆ ಪೇಟೆಯ ಸಂತೆ ಹೊಂಡಕ್ಕೆ. ತಮಗೆ ಸಾಕಾದುದನ್ನು ಕೆಳಗಿನ ಪಂಕ್ತಿಗೆ ಬಡಿಸುವ ಹಿರಿಯರ ಮನೆಯ ಊಟದಂತೆ, ಒಂದು ಹನಿಯೂ ಪೋಲಾಗದೆ ಬೆಟ್ಟದಿಂದ ಬೀದಿಗೆ ಇಳಿದು ಬರುವ ಈ ಕ್ರಮವನ್ನು ಒಂದು ಸಂಜೆ ಮಳೆ ನಿಂತ ಮೇಲೆ ಕಣ್ಣಾರೆ ಕಂಡೆ. ಪಕ್ಕದಲ್ಲೇ ಮದ್ದು ಬೀಸುತ್ತಿದ್ದ ನಾಲ್ಕು ದೊಡ್ಡ ಕಲ್ಲುಗಳು ಗುಂಡಿಯೊಳಗೆ ಸುಮ್ಮನೆ ನಿಂತಿವೆ. ಇಷ್ಟಿದ್ದೂ 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು.

ಓಬವ್ವನ ಕಿಂಡಿಯ ಕಥೆಯನ್ನು ಕನ್ನಡಿಗರಿಗೆ ಹೇಳುವ ಅಗತ್ಯವಿಲ್ಲ. ಅದರಲ್ಲಿ ನೀರೂ ಊಟವೂ ಬಾಗಿಲೂ ಒಟ್ಟಿಗೆ ಬರುವುದನ್ನು ಮಾತ್ರ ಜ್ಞಾಪಿಸುತ್ತೇನೆ: ಗಂಡ ಉಣ್ಣಲು ಕುಳಿತ ಹೊತ್ತು, ಅವನಿಗೆ ನೀರು ತರಲು ಬಂದವಳ ಕಣ್ಣಿಗೆ ಬಂಡೆಗಳ ಸಂದಿನಲ್ಲಿ ನುಸುಳುತ್ತಿದ್ದ ಶತ್ರು ಬಿದ್ದ. ಆ ಗಂಡ ಕಹಳೆಯ ಮುದ್ದಹನುಮ. ಕೋಟೆಯಲ್ಲಿ ಕಹಳೆಯೂದುವ ಕಾವಲುಗಾರ. ನಾನು ಕಿಂಡಿಯಲ್ಲಿ ಒಮ್ಮೆ ಇಳಿದು ನೋಡಿದೆ. ಮೈಯನ್ನು ಓರೆ ಮಾಡಿಕೊಳ್ಳದೆ ಹೋಗಲಾರೆ. ಒಬ್ಬನ ಹಿಂದೆ ಒಬ್ಬನೇ ಬರಬೇಕು, ಅದೂ ತಲೆ ಮುಂದಾಗಿ. ಒನಕೆಗೆ ಅದಕ್ಕಿಂತ ಅನುಕೂಲವಾದ ಬಾಗಿಲಿಲ್ಲ.

ಎಲ್ಲ ಲಗ್ಗೆಗಳೂ ಇಷ್ಟು ಗೌರವದಿಂದ ಮುಗಿದಿವೆಯೆಂದು ಹೇಳಿದರೆ ಆತ್ಮವಂಚನೆಯಾದೀತು. ಸಾವನದುರ್ಗವನ್ನು ನಾನು ಹತ್ತಿದ್ದು ಒಂದು ಶ್ರಾವಣದಲ್ಲಿ. ಕರಿಗುಡ್ಡದ ಬೋಳುಬಂಡೆಯ ನಡುವೆ ಅಲ್ಲಲ್ಲಿ ಉಳಿದ ಕೋಟೆಯ ತುಂಡುಗಳನ್ನು ನೋಡುತ್ತ ಅರ್ಧ ದಾರಿಗೆ ಬಂದಿರುವಷ್ಟರಲ್ಲಿ ಜಿಟಿಮಳೆ ಹಿಡಿಯಿತು. ಮುಂದಿನದನ್ನು ವಿಸ್ತರಿಸಲಾರೆ; ಕುಳಿತಲ್ಲಿಂದಲೇ ಇಳಿದೆ, ಕೊಡೆ ನನಗಿಂತ ಮೊದಲೇ ತಪ್ಪಲು ಸೇರಿತು, ಅದನ್ನು ಎತ್ತಿಕೊಟ್ಟ ಆಡು ಕಾಯುವ ಹುಡುಗ ನಗುವನ್ನು ನುಂಗಿಕೊಳ್ಳಲು ಬಹಳ ಪ್ರಯತ್ನಪಟ್ಟ. ಆಂಗ್ಲರ ಕಾರ್ನ್‌ವಾಲಿಸನ ಸೇನೆ ಆ ಕೋಟೆಯನ್ನು ಹಿಡಿದದ್ದು 1791ರ ಡಿಸೆಂಬರ್ 21ರಂದು. ಒಣ ಹವೆಯ ತಿಂಗಳು! ಶತ್ರುವಿನಿಂದಲೂ ಕಲಿಯಬೇಕಾದ್ದಿದೆ.

ಅದೇ ವರ್ಷ ಅದಕ್ಕೂ ಮೊದಲು ಅಕ್ಟೋಬರಿನಲ್ಲಿ ನಂದಿದುರ್ಗ ಬಿದ್ದಿತ್ತು. ಎಲ್ಲಕ್ಕೂ ಮೊದಲು, ಮಾರ್ಚ್ 21ರ ರಾತ್ರಿ, ನಮ್ಮ ಬೆಂಗಳೂರಿನ ಕೋಟೆ. ದೂರದ ಬೆಟ್ಟಗಳನ್ನೆಲ್ಲ ಸುತ್ತಿ ಬಂದ ಮೇಲೆಯೇ ನಾನು ಬದುಕಿರುವುದೂ ಒಂದು ಕೋಟೆಯ ಅಂಗಳದಲ್ಲೆಂಬುದು ನನಗೆ ಹೊಳೆದದ್ದು. ಮನೆಯಿಂದ ನಾಲ್ಕು ಹೆಜ್ಜೆಗೆ ಕಹಳೆ ಬಂಡೆ. ಅಲ್ಲಿನ ಕಾವಲುಗಾರ ಸಂಜೆ ಕಹಳೆಯೂದಿ ಊರಿಗೆ ಎಚ್ಚರ ಹೇಳುತ್ತಿದ್ದನೆಂದು ಪ್ರತೀತಿ, ಅಂದರೆ ಅವನೂ ಒಬ್ಬ ಮುದ್ದಹನುಮನೇ. ಆ ಕಡೆ ಕೆಂಪಾಂಬುಧಿಯ ದಂಡೆಯಲ್ಲೊಂದು, ಈ ಕಡೆ ಲಾಲ್‌ಬಾಗಿನ ಬಂಡೆಯ ಮೇಲೊಂದು ಕೆಂಪೇಗೌಡರ ಗೋಪುರ. ಪೇಟೆಯ ದಿಕ್ಕಿಗೆ ನಡೆದರೆ ಕೋಟೆ ವೆಂಕಟರಮಣ, ಕೋಟೆ ಆಂಜನೇಯ, ರಾಮನವಮಿಯ ಸಂಗೀತ ನಡೆಯುವ ಕೋಟೆ ಪ್ರೌಢಶಾಲೆಯ ಮೈದಾನ. ಹೆಸರುಗಳೆಲ್ಲ ಕಾವಲು ನಿಂತಿವೆ, ಕೋಟೆಯೇ ಇಲ್ಲ! ಮಣ್ಣಿನದಕ್ಕೆ ಬದಲಾಗಿ 1761ರಲ್ಲಿ ಹೈದರಾಲಿ ಎಬ್ಬಿಸಿದ ಕಲ್ಲಿನ ಕೋಟೆಯಲ್ಲಿ ಈಗ ಮುಖ್ಯವಾಗಿ ಉಳಿದಿರುವುದು ಮಾರುಕಟ್ಟೆಯ ಬಳಿಯ ದೆಹಲಿ ಬಾಗಿಲೂ ಅದರ ಆಸುಪಾಸಿನ ಬುರುಜೂ ಮಾತ್ರ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯನ್ನು ಅಕ್ಷರಶಃ ನೋಡಬೇಕೆನ್ನುವವರು ಅಲ್ಲಿಗೆ ಹೋಗಬೇಕು. ಸುತ್ತಣ ಗೋಡೆಯೆಲ್ಲ ಹೋಗಿ ರಸ್ತೆಯಾಗಿದೆ. ಬಾಗಿಲಿಗೆ ಮಾತ್ರ ದಿನವೂ ತಪ್ಪದೆ ಬೀಗ ಬೀಳುತ್ತದೆ.

ಆದರೂ ಮುಳ್ಳುಗಳನ್ನು ಜಡಿದ ಆ ಎತ್ತರದ ಕದದಲ್ಲಿನ ದಿಡ್ಡಿಬಾಗಿಲಿಗೆ ತಲೆ ಬಾಗಿಸಿ ಒಳಹೊಕ್ಕರೆ, ಹೊರಗಣ ಬಸ್ಸುಗಳ ಆರ್ಭಟ ಯಾರೋ ಕಂಬಳಿ ಹೊದಿಸಿದಂತೆ ತಟ್ಟನೆ ತಗ್ಗುತ್ತದೆ. ದಪ್ಪ ಗೋಡೆಯ ನೆರಳು, ಕಮಾನಿನ ಮೇಲೆ ಕೆತ್ತನೆಯ ಬಳ್ಳಿ, ಒಳಗೊಂದು ಗಣಪತಿಯ ಗುಡಿ. ದಾರಿ ಇಲ್ಲಿಯೂ ನೇರವಾಗಿ ಹೋಗದು. ಗೋಡೆಯನ್ನು ಒಡೆದು ಆಂಗ್ಲರು ನುಗ್ಗಿದ ಜಾಗವನ್ನು ಹೇಳುವ ಕಲ್ಲಿನ ಫಲಕವೊಂದು ಹೊರಗೆ ರಸ್ತೆಯ ಮಗ್ಗುಲಲ್ಲಿದೆ. ಅದನ್ನು ಓದಲು ನಿಂತವನನ್ನು ಜನ ಬಸ್ಸಿಗೆ ಕಾಯುವವನೆಂದೇ ತಿಳಿಯುತ್ತಾರೆ.

ಈಚೆಗೆ ಹೂವಿನ ಮುದುಕಿಯನ್ನು ವಿಚಾರಿಸಿದೆ. ಸೇವಂತಿಗೆ ತರಲು ಮೂವತ್ತು ವರ್ಷಗಳಿಂದ ದಿನವೂ ಕತ್ತಲಿರುವಾಗಲೇ ಆ ಬಾಗಿಲ ಮುಂದೆಯೇ ಹಾದು ಮಾರುಕಟ್ಟೆಗೆ ಹೋಗುತ್ತಾಳಂತೆ. ಒಳಗೆ ಒಂದು ಸಲವೂ ಹೋಗಿಲ್ಲವಂತೆ. “ನಾನು ಹೋಗೋ ಹೊತ್ನಾಗೆ ಬೀಗ ಹಾಕಿರ್ತಾರೆ, ಸ್ವಾಮಿ” ಎಂದಳು. ಅವಳ ಮಾತು ನಿಜ. ಬಾಗಿಲು ತೆರೆಯುವ ಹೊತ್ತಿಗೆ ಅವಳು ಇಲ್ಲಿ ಕುಳಿತು ಮೊಳ ಹಾಕುತ್ತಿರುತ್ತಾಳೆ. ಓದುಗರಿಗೆ ಆ ಅಡಚಣೆಯಿಲ್ಲ. ನಮ್ಮ ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ಹತ್ತಿದರೆ ಮುಂದಿನ ನಿಲ್ದಾಣವೇ ಮಾರುಕಟ್ಟೆ.