ನಿದಾನವೂ ನಿಧಾನವೂ

ಕನ್ನಡದಲ್ಲಿ ಮಹಾಪ್ರಾಣವಿಟ್ಟು ‘ನಿಧಾನ’ವೆಂದು ಬರೆದರೆ ಸಾವಕಾಶವೆಂದರ್ಥ, ಅಲ್ಪಪ್ರಾಣದಿಂದ ‘ನಿದಾನ’ವೆಂದು ಬರೆದರೆ ರೋಗದ ಮೂಲಕಾರಣವೆಂದೂ, ಅದರ ನಿರ್ಣಯವೆಂದೂ ಅರ್ಥ. ಶಾಲೆಯ ಹುಡುಗರು ಇವೆರಡನ್ನೂ ಬೆರೆಸಿ ಬರೆಯುವುದನ್ನು ನಾನು ಮೂವತ್ತು ವರ್ಷ ತಿದ್ದಿದ್ದೇನೆ. ಆದರೆ ಒಂದಿಲ್ಲದೆ ಇನ್ನೊಂದು ಸಿದ್ಧಿಸದೆಂಬುದು ಮನದಟ್ಟಾದುದು ಕಳೆದ ವೈಶಾಖದಲ್ಲಿ, ನಮ್ಮ ಮನೆಯ ಕಾರಿನ ಎ.ಸಿ. ತಂಪು ಕೊಡದೆ ಹೋದಾಗ.

ಎ.ಸಿ.ಯನ್ನು ಭೋಗವೆಂದು ಹಳಿಯುವವರುಂಟು. ಎಂಬತ್ತು ದಾಟಿದ, ಹೃದ್ರೋಗವುಳ್ಳ ತಾಯಿಯವರನ್ನು ಬಿರುಬಿಸಿಲಿನಲ್ಲಿ ಮೂಡಲಗಿಯಿಂದ ಬೆಳಗಾವಿಯ ವೈದ್ಯರಲ್ಲಿಗೆ ಕರೆದೊಯ್ಯುವವನಿಗೆ ಅದು ಔಷಧದಷ್ಟೇ ಅವಶ್ಯವಾದುದು. ಅಂದು ಗೋಕಾಕದ ಪೇಟೆಯ ದಟ್ಟಣೆಯಲ್ಲಿ ಕಾರು ನಿಂತೊಡನೆ ಬಿಸಿಗಾಳಿ ಬರತೊಡಗಿತು. ತಾಯಿಯವರ ಮುಖ ಬಾಡಿತು, ಉಸಿರು ತ್ವರಿತವಾಯಿತು. ಕಿಟಕಿಗಳನ್ನು ತೆರೆದು, ಒದ್ದೆ ಬಟ್ಟೆಯಿಂದ ಮುಖವೊರಸುತ್ತ ಊರು ದಾಟಿದೆವು.

ಮರುದಿನ ಒಂದು ಗ್ಯಾರೇಜಿನವರು ಬಾನೆಟ್ಟನ್ನು ತೆರೆಯುವ ಮೊದಲೇ “ಗ್ಯಾಸ್ ಕಡಿಮೆಯಾಗಿದೆ” ಎಂದು ತೀರ್ಪಿತ್ತು, ತುಂಬಿಸಿ ಹಣ ಪಡೆದರು. ಹದಿನೈದು ದಿನಗಳ ತರುವಾಯ ಬೇರೊಂದು ಗ್ಯಾರೇಜಿನಲ್ಲಿಯೂ ಅದೇ ತೀರ್ಪು, ಅದೇ ಚಿಕಿತ್ಸೆ. ವ್ಯಾಧಿ ಮಾತ್ರ ಹಾಗೆಯೇ ಉಳಿಯಿತು.

ಇಲ್ಲಿ ಗೃಹಸ್ಥರು ತಿಳಿಯತಕ್ಕದ್ದೊಂದುಂಟು. ಈ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ಪದಾರ್ಥವಲ್ಲ; ಮುಚ್ಚಿದ ನಾಳಗಳಲ್ಲಿ ಸುತ್ತುತ್ತಲೇ ಇರುವಂಥದು. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಉಷ್ಣವನ್ನು ಕೊಂಡೊಯ್ಯುವುದರಿಂದ ಒಳಗಿನ ನೀರು ತಣ್ಣಗಾಗುತ್ತದಷ್ಟೆ. ಕಾರಿನಲ್ಲಿಯೂ ಅದೇ ತತ್ತ್ವ. ಇಂದು ಬಹಳ ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸು ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಅದು ದ್ರವದಿಂದ ಆವಿಯಾಗುತ್ತ ಕಾರಿನೊಳಗಿನ ಉಷ್ಣವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಮುಂದಕ್ಕೆ ಕಳುಹಿಸುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಉಷ್ಣವನ್ನು ಹೊರಗಾಳಿಗೆ ಬಿಟ್ಟು ಅದು ಮರಳಿ ದ್ರವವಾಗುತ್ತದೆ. ಗ್ಯಾಸು ನಿಜವಾಗಿ ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯಿರಲೇಬೇಕು.

ಆಯುರ್ವೇದದಲ್ಲಿ ರೋಗಜ್ಞಾನಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಯೆಂದು ಐದು ಸಾಧನಗಳನ್ನು ಹೇಳಿದ್ದಾರೆ. ಹುಕ್ಕೇರಿಯ ಒಬ್ಬ ತರುಣ ಮಿಸ್ತ್ರಿ ಈ ಶಾಸ್ತ್ರವನ್ನೋದಿದವನಲ್ಲ. ಆದರೂ ನಡೆದುದು ಆ ಮಾರ್ಗದಲ್ಲಿಯೇ. ಗ್ಯಾಸಿನ ಸುದ್ದಿಯನ್ನೆತ್ತದೆ ಅವನು ಮೊದಲು ಕೇಳಿದ್ದು, “ಗಾಡಿ ಓಡೂವಾಗ ತಂಪು ಬರತೈತೇನ್ರಿ ಸರ?” ಎಂದು. ಓಡುವಾಗ ಬರುತ್ತದೆ, ನಿಂತರೆ ಇಲ್ಲವೆಂದೆ. ಅವನು ಮುಂದೆ ಒಂದೊಂದನ್ನೇ ನೋಡುತ್ತ ಬಂದನು. ಗಾಳಿ ತಂಪಾಗಿದ್ದು ವೇಗ ಮಾತ್ರ ಕುಂದಿದ್ದರೆ ಒಳಗಿನ ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು. ನಮ್ಮಲ್ಲಿ ವೇಗ ಸರಿಯಾಗಿತ್ತು. ನಾಳದ ಸಂದಿಯಲ್ಲಿ ಎಣ್ಣೆಯ ಕಲೆಯಿದ್ದರೆ ಸೋರಿಕೆಯ ಶಂಕೆ, ಅದೂ ಇರಲಿಲ್ಲ. ಕಂಪ್ರೆಸರು ತಿರುಗುತ್ತಿತ್ತು.

ಆ ಬಳಿಕ ಅವನು ಒಂದು ಕೊಡ ನೀರನ್ನು ಕಂಡೆನ್ಸರಿನ ಮೇಲೆ ಮೆಲ್ಲನೆ ಸುರಿದನು. ಕೆಲವೇ ನಿಮಿಷಗಳಲ್ಲಿ ಒಳಗೆ ತಂಪುಗಾಳಿ ಬಂದಿತು! ಔಷಧವನ್ನು ಕೊಟ್ಟು ನೋಡಿ ರೋಗವನ್ನರಿಯುವ ಉಪಶಯವೆಂದರೆ ಇದೇ. ದೋಷ ಹೊರಗೆ ಉಷ್ಣ ಬಿಡುವ ಸ್ಥಾನದಲ್ಲಿತ್ತು. ಕಂಡೆನ್ಸರಿಗೆ ಗಾಳಿಯೂಡುವ ಫ್ಯಾನಿನ ಮೋಟಾರು ಸುಟ್ಟುಹೋಗಿತ್ತು. ಜಾಲರಿಯಲ್ಲಿ ರಸ್ತೆಯ ಧೂಳೂ ಕಬ್ಬಿನ ರವದಿಯ ಚೂರೂ ತುಂಬಿದ್ದವು. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತಿದ್ದುದರಿಂದ ತಂಪು ಬರುತ್ತಿತ್ತು. ಎರಡು ಸಲ ತುಂಬಿಸಿದ ಗ್ಯಾಸು ಪ್ರಮಾಣವನ್ನು ಮೀರಿ, ಒತ್ತಡವನ್ನೇರಿಸಿ, ಇದ್ದ ದೋಷವನ್ನು ಬೆಳೆಸಿತ್ತು. ಮಿಸ್ತ್ರಿಯು ಮೋಟಾರನ್ನು ಬದಲಿಸಿ, ಜಾಲರಿಯನ್ನು ತೊಳೆದು, ಗ್ಯಾಸನ್ನು ಯಂತ್ರದಿಂದ ಹೊರತೆಗೆದು, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಿದ್ದ ತೂಕದಷ್ಟನ್ನೇ ತುಂಬಿದನು.

ಈ ಗ್ಯಾಸು ಗಾಳಿಗೆ ಸೇರಿದರೆ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಭೂಮಿಯನ್ನು ಕಾಯಿಸುತ್ತದೆ. ಆದುದರಿಂದ ಸುಮ್ಮಸುಮ್ಮನೆ ತುಂಬಿಸುವುದು ಮನೆಗೂ ನಷ್ಟ, ಲೋಕಕ್ಕೂ ನಷ್ಟ. ಬೇಸಗೆಗೆ ಮುಂಚೆ ಕಂಡೆನ್ಸರಿನ ಜಾಲರಿಯನ್ನು ಮೆಲುಧಾರೆಯ ನೀರಿನಿಂದ ತೊಳೆಯಿಸಿ, ಫಿಲ್ಟರನ್ನು ನೋಡಿರಿ, ಎ.ಸಿ. ಹಚ್ಚಿ ಮುಂದಿನ ಫ್ಯಾನು ತಿರುಗುವುದೋ ಎಂದು ಪರೀಕ್ಷಿಸಿರಿ. ಗ್ಯಾಸು ಕಡಿಮೆಯಾಗಿದೆಯೆಂದು ಯಾರಾದರೂ ಹೇಳಿದರೆ “ಇದ್ದುದು ಎಲ್ಲಿ ಹೋಯಿತು?” ಎಂದು ಕೇಳಿರಿ. ಆ ಸ್ಥಳವನ್ನು ಬೆರಳಿಟ್ಟು ತೋರಿಸಬಲ್ಲವನಿಗೇ ಕೆಲಸವನ್ನು ಒಪ್ಪಿಸಿರಿ.